ಕಾಗದದ ಹೂವಿನ ಪೂರ್ವೋತ್ತರ

ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಹಳೆಯ ಬಡಾವಣೆಗಳ ಬೀದಿಗಳಲ್ಲಿ ಮಾಘ ಫಾಲ್ಗುಣ ಮಾಸಗಳ ಬಿಸಿಲಿನಲ್ಲಿ ನಡೆದುಹೋಗುವವರ ಕಣ್ಣಿಗೆ ಮೊದಲು ಬೀಳುವ ಬಣ್ಣ ಯಾವುದು? ಮಲ್ಲಿಗೆಯ ಬಿಳುಪಲ್ಲ, ದಾಸವಾಳದ ಕೆಂಪೂ ಅಲ್ಲ; ಕಾಂಪೌಂಡು ಗೋಡೆಯ ಮೇಲಿಂದ ಬೀದಿಯ ಕಡೆಗೆ ಸುರಿದುಕೊಂಡಿರುವ ನೇರಳೆಗೆಂಪಿನ ಒಂದು ರಾಶಿ. ಎಲೆಯೇ ಕಾಣದಂತೆ ಗಿಡವೆಲ್ಲ ಬಣ್ಣವಾಗಿ ನಿಂತಿರುತ್ತದೆ. ಮನೆಮಾತಿನಲ್ಲಿ ಅದಕ್ಕೆ ಕಾಗದದ ಹೂವೆಂದು ಹೆಸರು. ಬೋಗನ್‌ವಿಲ್ಲವೆಂದು ಕರೆಯುವವರೂ ಬಹಳ ಮಂದಿ ಉಂಟು. ಮಾಲಿಗಳ ಬಾಯಲ್ಲಿ ಆ ಹೆಸರು ಮತ್ತೂ ಹಲವು ರೂಪಗಳನ್ನು ತಾಳಿದೆ. ಅದಕ್ಕಾಗಿ ಅವರನ್ನು ನೋಡಿ ನಗಬೇಕಾದುದಿಲ್ಲ. ಈ ಹೆಸರನ್ನು ಮೊದಲು ಅಚ್ಚುಮಾಡಿಸಿದ ಮಹಾ ಪಂಡಿತನೇ ಅದರ ಕಾಗುಣಿತವನ್ನು ತಪ್ಪಿದನೆಂಬುದನ್ನು ಮುಂದೆ ಹೇಳಲಿದ್ದೇವೆ.

ನಮ್ಮ ದೇಶದಲ್ಲಿ ಹೂವಿನ ಗಿಡವೊಂದು ಮನೆಯಂಗಳಕ್ಕೆ ಬರಬೇಕಾದರೆ ಸಾಧಾರಣವಾಗಿ ದೇವರ ಪೂಜೆಗೆ ಒದಗಬೇಕು, ಇಲ್ಲವೇ ಹೆಂಗಸರ ಮುಡಿಗೆ ಒದಗಬೇಕು. ಕಾಗದದ ಹೂವು ಎರಡಕ್ಕೂ ಒದಗುವುದಿಲ್ಲ. ಅದಕ್ಕೆ ಪರಿಮಳವಿಲ್ಲ, ಮಾಲೆಗೆ ಏರಿದುದನ್ನು ನಾವು ಕಂಡುದಿಲ್ಲ, ಮೇಲಾಗಿ ಕೈ ನೀಡಿದರೆ ಮುಳ್ಳು ಚುಚ್ಚುತ್ತದೆ. ಹೀಗಿದ್ದೂ ಅದು ನಮ್ಮ ಗೋಡೆಗಳನ್ನೂ ರೈಲು ನಿಲ್ದಾಣಗಳ ಅಂಗಳಗಳನ್ನೂ ಈಚೆಗೆ ಹೆದ್ದಾರಿಗಳ ನಡುವಣ ಪಟ್ಟಿಗಳನ್ನೂ ಆಕ್ರಮಿಸಿಕೊಂಡು ಕುಳಿತಿದೆ. ಇದನ್ನು ತಂದವರು ಯಾರು, ಯಾವ ಕೈಯಿಂದ ಯಾವ ಕೈಗೆ ದಾಟಿ ಇಲ್ಲಿಗೆ ಬಂದಿತು, ಬಂದುದನ್ನು ಸಾಕುವ ಬಗೆ ಹೇಗೆ ಎಂಬುದು ಈ ಹೊತ್ತಿನ ನಮ್ಮ ವಿಷಯ.

ಮೊದಲು ಗಿಡದ ಪರಿಚಯ. ನಾವು ಹೂವೆಂದು ಕರೆಯುವ ಆ ಬಣ್ಣದ ಭಾಗ ಹೂವಲ್ಲ. ಒಂದು ಗೊಂಚಲನ್ನು ಕೈಗೆ ತೆಗೆದುಕೊಂಡು ನೋಡಿದರೆ, ಕಾಗದದಂತೆ ತೆಳ್ಳಗಿರುವ ಮೂರು ಎಲೆಗಳು ಒಟ್ಟಾಗಿ ನಿಂತಿರುವುದೂ, ಒಂದೊಂದರ ನಡುನರಕ್ಕೆ ಅಂಟಿಕೊಂಡು ಸಣ್ಣ ಕೊಳವೆಯಂತಹ ಒಂದೊಂದು ಬಿಳಿಯ ಹೂವು ಇರುವುದೂ ಕಾಣುತ್ತದೆ. ಆ ಕೊಳವೆಯೇ ಹೂವು. ಸುತ್ತಲಿನ ಬಣ್ಣದ ಎಲೆಗಳು ಪುಷ್ಪಪತ್ರಗಳು. ಹೂವು ಬಾಡಿದ ಮೇಲೂ ಈ ಪತ್ರಗಳು ವಾರಗಟ್ಟಲೆ ಬಣ್ಣಗೆಡದೆ ಉಳಿಯುತ್ತವಾದ್ದರಿಂದಲೇ ಗಿಡಕ್ಕೆ ಅಷ್ಟು ದೀರ್ಘವಾದ ಶೋಭೆ. ಗುಲಾಬಿಯ ಕೆಂಪು ಬೇರೆ, ಇದರ ಕೆಂಪು ಬೇರೆ. ಇದರಲ್ಲಿರುವುದು ಬೀಟ್‌ರೂಟ್ ಗಡ್ಡೆಯಲ್ಲಿರುವ ವರ್ಣದ್ರವ್ಯದ ಬಳಗಕ್ಕೆ ಸೇರಿದ್ದು. ಕುಲವನ್ನು ವಿಚಾರಿಸಿದರೆ ಇನ್ನೊಂದು ಸೋಜಿಗ. ಸಾಯಂಕಾಲ ನಮ್ಮ ಹಿತ್ತಿಲಲ್ಲಿ ಅರಳುವ ಸಂಜೆಮಲ್ಲಿಗೆಯೂ, ವೈದ್ಯರ ಪುನರ್ನವವೂ ಇದರ ದಾಯಾದಿಗಳು. ಸಂಜೆಮಲ್ಲಿಗೆಯೂ ಅಮೆರಿಕ ಖಂಡದಿಂದ ಬಂದುದೇ ಎಂಬುದನ್ನು ನಮ್ಮಲ್ಲಿ ಬಹುಮಂದಿ ಮರೆತಿದ್ದೇವೆ.

ಕಾಗದದ ಹೂವಿನ ತವರು ದಕ್ಷಿಣ ಅಮೆರಿಕ. ಬ್ರೆಜಿಲ್, ಪೆರು ಮುಂತಾದ ದೇಶಗಳ ಕಾಡಂಚುಗಳಲ್ಲಿ ಅದು ಮರಗಳನ್ನು ಹತ್ತಿಕೊಂಡು ಬೆಳೆಯುತ್ತದೆ. ಅಲ್ಲಿಯ ಜನ ಅದನ್ನು ತಮ್ಮ ತಮ್ಮ ಭಾಷೆಗಳಲ್ಲಿ ಏನೇನೋ ಕರೆಯುತ್ತಿದ್ದಿರಬೇಕು. ಐರೋಪ್ಯರ ಶಾಸ್ತ್ರಗ್ರಂಥಗಳಿಗೆ ಅದು ಸೇರಿದ ಕಥೆ ಮಾತ್ರ ೧೭೬೭ನೆಯ ಇಸವಿ ಜೂನ್ ತಿಂಗಳಲ್ಲಿ, ಬ್ರೆಜಿಲ್ಲಿನ ರಿಯೋ ದ ಜನೈರೋ ಬಂದರಿನಲ್ಲಿ ಮೊದಲಾಗುತ್ತದೆ. ಇಲ್ಲಿ ನಮ್ಮ ಸೀಮೆಯಲ್ಲಿ ಹೈದರಾಲಿಯು ಇಂಗ್ಲಿಷರೊಡನೆ ಮೊದಲನೆಯ ಯುದ್ಧಕ್ಕೆ ಇಳಿದ ವರ್ಷ ಅದು; ಬೆಂಗಳೂರಿನಲ್ಲಿ ಅವನು ಲಾಲ್‌ಬಾಗನ್ನು ಆರಂಭಿಸಿ ಆಗಲೇ ಏಳು ವರ್ಷಗಳಾಗಿದ್ದುವು.

ರಿಯೋ ಬಂದರಿನಲ್ಲಿ ಆಗ ಲಂಗರು ಹಾಕಿದ್ದ ಎರಡು ಹಡಗುಗಳು ಫ್ರಾನ್ಸಿನವು. ಅವುಗಳ ನಾಯಕ ಲೂಯಿ ಆಂತ್ವಾನ್ ದ ಬೂಗೆನ್‌ವಿಲ್. ಯೌವನದಲ್ಲಿ ಗಣಿತಗ್ರಂಥವನ್ನು ಬರೆದು ಹೆಸರಾಗಿ, ಆಮೇಲೆ ಕೆನಡಾ ದೇಶದ ಯುದ್ಧದಲ್ಲಿ ಕಾದಾಡಿ, ಕೊನೆಗೆ ನಾವಿಕನಾಗಿ ದೊರೆಯ ಅಪ್ಪಣೆಯಂತೆ ಭೂಪ್ರದಕ್ಷಿಣೆಗೆ ಹೊರಟಿದ್ದ ಗೃಹಸ್ಥ. ಅವನ ಜೊತೆಯಲ್ಲಿ ಹೊಸ ದೇಶಗಳ ಗಿಡಮೂಲಿಕೆಗಳನ್ನು ಪರೀಕ್ಷಿಸಲೆಂದು ದೊರೆಯೇ ನೇಮಿಸಿದ ಸಸ್ಯಶಾಸ್ತ್ರಜ್ಞನೊಬ್ಬನಿದ್ದನು. ಫಿಲಿಬೆರ್ ಕೊಮರ್ಸನ್ ಎಂದು ಹೆಸರು. ಈತನಿದ್ದುದು ಎರಡನೆಯ ಹಡಗಾದ ಎತ್ವಾಲಿನಲ್ಲಿ. ಆ ಮಾತಿಗೆ ನಕ್ಷತ್ರವೆಂದು ಅರ್ಥ. ರಿಯೋ ಸುತ್ತಣ ಪ್ರದೇಶದಲ್ಲಿ ಸಂಗ್ರಹಿಸಿದ ಸಸ್ಯಗಳ ನಡುವೆ ಕಣ್ಣು ಕೋರೈಸುವ ಬಣ್ಣದ ಒಂದು ಬಳ್ಳಿಯಿತ್ತು. ಕೊಮರ್ಸನ್ ಅದಕ್ಕೆ ತನ್ನ ನಾಯಕನ ಹೆಸರನ್ನು ಕೊಟ್ಟನು. ಶಾಲೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಕೊಂಬೆಯನ್ನು ಮುರಿದು, ಹೊತ್ತು ತಂದು, ಕಾಗದದ ನಡುವೆ ಒತ್ತಿ ಒಣಗಿಸಿದವರು ಯಾರೆಂದು ಕೇಳಿದರೆ ಕಥೆ ಬೇರೆ ದಾರಿ ಹಿಡಿಯುತ್ತದೆ.

ಕೊಮರ್ಸನನಿಗೆ ಒಬ್ಬ ಪರಿಚಾರಕನಿದ್ದನು. ಗಡ್ಡಮೀಸೆ ಇಲ್ಲದ, ಹೆಚ್ಚು ಮಾತನಾಡದ, ಗಟ್ಟಿಮುಟ್ಟಾದ ಆಳು. ಈ ಆಳು ವಾಸ್ತವವಾಗಿ ಹೆಂಗಸು. ಆಕೆಯ ಹೆಸರು ಜೀನ್ ಬಾರೆ. ಫ್ರೆಂಚಿನಲ್ಲಿ ಆ ಸ್ತ್ರೀನಾಮದ ಕೊನೆಯ ಎರಡಕ್ಷರಗಳನ್ನು ಕಳೆದರೆ ಪುರುಷನಾಮವಾಗುತ್ತದೆ. ಹಡಗು ಹತ್ತಲು ಆಕೆ ಮಾಡಿಕೊಂಡ ನಾಮಾಂತರ ಇಷ್ಟೆ. ೧೭೪೦ರಲ್ಲಿ ಬರ್ಗಂಡಿ ಪ್ರಾಂತದ ಒಂದು ಹಳ್ಳಿಯಲ್ಲಿ ಕೂಲಿಗಾರನ ಮಗಳಾಗಿ ಹುಟ್ಟಿದವಳು. ಕೊಮರ್ಸನ್ ಹೆಂಡತಿಯನ್ನು ಕಳೆದುಕೊಂಡ ಮೇಲೆ ಅವನ ಮನೆವಾರ್ತೆಯನ್ನು ನೋಡಿಕೊಳ್ಳುತ್ತಿದ್ದಳು. ಬರಬರುತ್ತ ಅವನ ಒಡನಾಡಿಯೂ ಆದಳು. ಗಿಡಗಳನ್ನು ಆಯುವುದು, ಒಣಗಿಸುವುದು, ವಿಂಗಡಿಸುವುದು, ಹೆಸರು ಬರೆದು ಜೋಡಿಸುವುದು ಎಲ್ಲವನ್ನೂ ಕಲಿತಳು. ದೊರೆಯ ನೌಕೆಗಳಲ್ಲಿ ಹೆಂಗಸರು ಕಾಲಿಡಕೂಡದೆಂದು ಆಗ ಫ್ರಾನ್ಸಿನಲ್ಲಿ ಕಟ್ಟಾಜ್ಞೆಯಿತ್ತು. ಆದಕಾರಣ ಆಕೆ ಗಂಡುಡುಗೆ ತೊಟ್ಟು, ೧೭೬೭ರ ಫೆಬ್ರವರಿಯಲ್ಲಿ ರೋಷ್‌ಫೋರ್ ಬಂದರಿನಿಂದ ಹೊರಟ ಎತ್ವಾಲನ್ನು ಹತ್ತಿದಳು. ನೂರಕ್ಕೂ ಹೆಚ್ಚು ಗಂಡಸರು ಇಕ್ಕಟ್ಟಿನಲ್ಲಿ ಬದುಕುತ್ತಿದ್ದ ಆ ಹಡಗಿನಲ್ಲಿ ಒಂದು ವರ್ಷಕ್ಕೂ ಮೀರಿ ಈ ಗುಟ್ಟನ್ನು ಕಾಪಾಡಿಕೊಂಡಳೆಂದರೆ, ಅವಳ ಹಗಲುಗಳೂ ಇರುಳುಗಳೂ ಹೇಗಿದ್ದುವೆಂಬುದನ್ನು ಕೇಳುತ್ತಿರುವವರೇ ಊಹಿಸಿಕೊಳ್ಳಬಹುದು.

ಕೊಮರ್ಸನನ ಶರೀರ ಅಷ್ಟು ಗಟ್ಟಿಯಲ್ಲ. ಅವನ ಕಾಲಿನಲ್ಲಿ ಬಹುದಿನದ ಹುಣ್ಣೊಂದಿದ್ದು, ಪ್ರಯಾಣದಲ್ಲಿ ಅದು ಮತ್ತೆ ಮತ್ತೆ ಕೆರಳಿ ಅವನನ್ನು ಹಾಸಿಗೆ ಹಿಡಿಸುತ್ತಿತ್ತು. ಬೆಟ್ಟ ಹತ್ತುವುದೂ, ಸಸ್ಯಗಳ ಹೊರೆ, ಆಹಾರದ ಗಂಟು, ಬಂದೂಕು ಇವುಗಳನ್ನು ಹೊರುವುದೂ ಬಾರೆಯ ಪಾಲಿಗೆ. ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿರುವ ಮಗೆಲ್ಲನ್ ಜಲಸಂಧಿಯ ಹಿಮದಲ್ಲಿಯೂ ಹೀಗೆಯೇ ನಡೆಯಿತು. ಯಜಮಾನನು ಆಕೆಯನ್ನು ತನ್ನ ಹೊರೆ ಹೊರುವ ಮೃಗವೆಂದು ಕರೆಯುತ್ತಿದ್ದನಂತೆ. ಪ್ರೀತಿಯಿಂದ ಹೇಳಿದ ಮಾತೆಂದು ಕೆಲವರ ಸಮಾಧಾನ. ನಮಗೇನೋ ಆ ಪ್ರೀತಿ ಅಷ್ಟು ರುಚಿಸುವುದಿಲ್ಲ. ಇಂತಹ ಸ್ಥಿತಿಯಲ್ಲಿ ರಿಯೋ ನಗರದ ಹೊರಗೆ ಆ ಬಣ್ಣದ ಕೊಂಬೆಯನ್ನು ಮುರಿದ ಕೈ ಬಾರೆಯದೇ ಇರಬೇಕೆಂದು ಈಚಿನ ಚರಿತ್ರಕಾರರಲ್ಲಿ ಕೆಲವರು ಹೇಳುತ್ತಾರೆ. ಇದು ಊಹೆ, ದಸ್ತಾವೇಜಿನಿಂದ ಸಿದ್ಧವಾದುದಲ್ಲ. ಆದರೆ ಒಣಸಸ್ಯಗಳ ಆ ಸಂಗ್ರಹದಲ್ಲಿ ಅವಳ ಬೆವರು ಸೇರದ ಹಾಳೆಗಳು ಬಹಳ ಇರಲಾರವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಗುಟ್ಟು ರಟ್ಟಾದ ಬಗೆಯನ್ನು ಬೂಗೆನ್‌ವಿಲ್ ತಾನೇ ೧೭೭೧ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಹೇಳಿದ್ದಾನೆ. ೧೭೬೮ರ ಏಪ್ರಿಲಿನಲ್ಲಿ ಹಡಗುಗಳು ಪೆಸಿಫಿಕ್ ಸಾಗರದ ತಾಹಿತಿ ದ್ವೀಪವನ್ನು ಮುಟ್ಟಿದಾಗ, ಅಲ್ಲಿನ ಜನರು ಬಾರೆಯನ್ನು ಸುತ್ತುವರಿದು, ಇವಳು ಹೆಂಗಸೆಂದು ನೋಡಿದೊಡನೆ ಕೂಗಿಕೊಂಡರಂತೆ. ಒಂದು ವರ್ಷ ಜೊತೆಯಲ್ಲಿದ್ದವರಿಗೆ ಬರಿಯ ಗುಮಾನಿಯಾಗಿದ್ದುದು ಆ ಅಪರಿಚಿತರಿಗೆ ಒಂದು ನೋಟಕ್ಕೆ ತಿಳಿಯಿತು. ಹಡಗಿನ ವೈದ್ಯನೊಬ್ಬನ ದಿನಚರಿ ಇದೇ ಸಂಗತಿಯನ್ನು ಬೇರೆ ಸ್ಥಳದಲ್ಲಿ, ಬೇರೆ ರೀತಿಯಲ್ಲಿ, ಬಹಳ ಕ್ರೂರವಾಗಿ ಹೇಳುತ್ತದೆ. ಅದನ್ನು ಇಲ್ಲಿ ವಿವರಿಸುವುದಿಲ್ಲ. ಎರಡು ವರದಿಗಳೂ ಗಂಡಸರು ಬರೆದವು. ಆಕೆ ಬರೆದುದು ಯಾವುದೂ ಈ ವಿಚಾರದಲ್ಲಿ ನಮ್ಮ ಕೈಗೆ ಬಂದಿಲ್ಲ. ಬೂಗೆನ್‌ವಿಲ್ಲನ ಪರವಾಗಿ ಒಂದು ಮಾತು ಹೇಳಬೇಕು: ಆಕೆಯ ಧೈರ್ಯವನ್ನೂ ಸಸ್ಯಜ್ಞಾನವನ್ನೂ ನಡತೆಯನ್ನೂ ಅವನು ಗ್ರಂಥದಲ್ಲಿ ಸ್ಪಷ್ಟವಾಗಿ ಮೆಚ್ಚಿದನು. ಆಕೆಯ ಹೆಸರು ಇಂದು ನಮಗೆ ತಿಳಿದಿರುವುದಕ್ಕೆ ಅದೂ ಒಂದು ಕಾರಣ.

ಅದೇ ವರ್ಷದ ಕೊನೆಯಲ್ಲಿ ಹಡಗುಗಳು ಮಾರಿಷಸ್ ದ್ವೀಪಕ್ಕೆ ಬಂದುವು. ದ್ವೀಪ ಆಗ ಫ್ರೆಂಚರದು. ಲವಂಗ ಜಾಜಿಕಾಯಿಗಳ ಗಿಡಗಳನ್ನು ಡಚ್ಚರ ಕಾವಲಿನಿಂದ ತಪ್ಪಿಸಿ ತರಿಸಿ ಬೆಳೆಸಲು ಹೆಣಗುತ್ತಿದ್ದ ಪಿಯೇರ್ ಪ್ವಾವ್ರ್ ಎಂಬಾತನು ಅಲ್ಲಿಯ ಅಧಿಕಾರಿ. ಅವನ ಆಹ್ವಾನದಂತೆ ಕೊಮರ್ಸನನೂ ಬಾರೆಯೂ ಅಲ್ಲಿಯೇ ಇಳಿದುಕೊಂಡರು. ಮಡಗಾಸ್ಕರಿನ ಸಸ್ಯಗಳನ್ನು ಸಂಗ್ರಹಿಸಲು ಕೊಮರ್ಸನ್ ಹೊರಟುದು ಅಲ್ಲಿಂದಲೇ. ೧೭೭೩ರ ಮಾರ್ಚಿಯಲ್ಲಿ ಅವನು ಆ ದ್ವೀಪದಲ್ಲಿಯೇ ತೀರಿಕೊಂಡನು. ಮರಣದ ಸುದ್ದಿ ಮುಟ್ಟುವುದಕ್ಕೆ ಮೊದಲು ಪ್ಯಾರಿಸ್ಸಿನ ವಿಜ್ಞಾನಪರಿಷತ್ತು ಅವನನ್ನು ಸದಸ್ಯನನ್ನಾಗಿ ಚುನಾಯಿಸಿಯೂ ಬಿಟ್ಟಿತು! ಬಾರೆಯು ಕೆಲಕಾಲ ಪೋರ್ಟ್ ಲೂಯಿಯಲ್ಲಿ ಹೋಟೆಲು ನಡಸಿ, ೧೭೭೪ರಲ್ಲಿ ಒಬ್ಬ ಸೈನಿಕನನ್ನು ಮದುವೆಯಾಗಿ, ಅನಂತರ ಅವನೊಡನೆ ಸ್ವದೇಶಕ್ಕೆ ಮರಳಿದಳು. ಹೀಗೆ ಭೂಮಂಡಲವನ್ನು ಒಂದು ಸುತ್ತು ಹಾಕಿ ಬಂದ ಮೊದಲ ಹೆಂಗಸೆಂದು ಚರಿತ್ರೆ ಗುರುತಿಸುವುದು ಆಕೆಯನ್ನು. ಊರಿಗೆ ಮರಳಿದಾಗ ಯಾವ ಮೆರವಣಿಗೆಯೂ ನಡೆಯಲಿಲ್ಲ. ೧೭೮೫ರಲ್ಲಿ ನೌಕಾಸಚಿವಾಲಯವು ವರ್ಷಕ್ಕೆ ೨೦೦ ಲೀವ್ರ್ ನಿವೃತ್ತಿವೇತನವನ್ನು ಕೊಟ್ಟಿತು. ಹೆಂಗಸನ್ನು ಹಡಗಿಗೆ ಹತ್ತಗೊಡದ ಸರಕಾರವೇ ಹತ್ತಿದ ಹೆಂಗಸಿಗೆ ವೇತನ ಕೊಟ್ಟುದು ದೊಡ್ಡದೆಂದೇ ಎಣಿಸಬೇಕು. ೧೮೦೭ರಲ್ಲಿ ಆಕೆ ಕಾಲವಾದಳು.

ಕೊಮರ್ಸನನ ಸಂಗ್ರಹ ಮೂವತ್ತಕ್ಕೂ ಮೇಲ್ಪಟ್ಟ ಪೆಟ್ಟಿಗೆಗಳಲ್ಲಿ ಪ್ಯಾರಿಸ್ಸನ್ನು ಸೇರಿತು. ಅದನ್ನು ಆಧರಿಸಿ ಆಂತ್ವಾನ್ ಲೋರಾನ್ ದ ಜುಸಿಯೂ ಎಂಬ ವಿದ್ವಾಂಸನು ೧೭೮೯ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯ ವರ್ಷದಲ್ಲಿಯೇ, ಸಸ್ಯಕುಲಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ಗಿಡದ ಹೆಸರನ್ನು ಮೊದಲು ಪ್ರಕಟಿಸಿದನು. ಅಲ್ಲಿ ಅದು ಬುಗಿನ್‌ವಿಲ್ಲೇಯ ಎಂಬ ವಿಕಾರರೂಪದಲ್ಲಿ ಅಚ್ಚಾಯಿತು. ಬಹುಕಾಲ ನಾನಾ ಕಾಗುಣಿತಗಳಲ್ಲಿ ತೊಳಲಿ, ೨೦ನೆಯ ಶತಮಾನದಲ್ಲಿ ಈಗಿನ ರೂಪ ನಿಂತಿತು. ಮಾಲಿಗಳ ಉಚ್ಚಾರಣೆಯನ್ನು ಕುರಿತು ಮೊದಲು ಹೇಳಿದ ಮಾತು ಇದಕ್ಕಾಗಿಯೇ.

ಇಲ್ಲಿ ನಮ್ಮ ರಾಜ್ಯದ ಚರಿತ್ರೆಯ ಎಳೆಯೊಂದು ಹತ್ತಿರದಿಂದ ಹಾದುಹೋಗುತ್ತದೆ. ಈ ಗ್ರಂಥ ಹೊರಬೀಳುವ ಹಿಂದಿನ ವರ್ಷ, ಎಂದರೆ ೧೭೮೮ರ ಆಗಸ್ಟಿನಲ್ಲಿ, ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯ ದರ್ಶನ ಮಾಡಿದರು. ಸುಲ್ತಾನನು ಆ ದೊರೆಯಿಂದ ಬಯಸಿದುದು ಸೈನ್ಯದ ನೆರವು ಮಾತ್ರವಲ್ಲ. ಕುಶಲಿಗಳಾದ ಕಸುಬುದಾರರನ್ನೂ ಹೂಗಿಡಗಳನ್ನೂ ಬೀಜಗಳನ್ನೂ ಬೇಡಿದ್ದನು. ಕಾಗದದ ಹೂವು ಆ ರಾಯಭಾರಿಗಳ ಜೊತೆಯಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿತೆಂದು ಕಥೆ ಕಟ್ಟುವುದಕ್ಕೆ ಮನಸ್ಸೇನೋ ಹಾತೊರೆಯುತ್ತದೆ. ಆದರೆ ಹಾಗೆ ಹೇಳಲು ಆಧಾರವಿಲ್ಲ. ಆಗ ಪ್ಯಾರಿಸ್ಸಿನಲ್ಲಿ ಕೊಮರ್ಸನನ ಸಂಗ್ರಹವಾಗಿ ಇದ್ದುದು ಒಣಗಿದ ಕೊಂಬೆಗಳು. ಅವುಗಳಿಂದ ಗಿಡ ಚಿಗುರುವಂತಿಲ್ಲ.

ಬಾರೆಯ ಹೆಸರೇನಾಯಿತು? ಕೊಮರ್ಸನ್ ಮಡಗಾಸ್ಕರಿನ ಒಂದು ಗಿಡಕ್ಕೆ ಅವಳ ಹೆಸರಿಡಬೇಕೆಂದಿದ್ದನು. ಅದು ನಿಲ್ಲಲಿಲ್ಲ, ಆ ಗಿಡಕ್ಕೆ ಬೇರೊಂದು ಹೆಸರೇ ಶಾಸ್ತ್ರದಲ್ಲಿ ಊರ್ಜಿತವಾಯಿತು. ಅವನು ಸಂಗ್ರಹಿಸಿದ ಸಸ್ಯಗಳಲ್ಲಿ ಅವನ ಹೆಸರು ಹೊತ್ತವು ಹತ್ತಾರು ಇವೆ. ಅವಳದು ಎರಡು ಶತಮಾನಗಳಿಗೂ ಮೀರಿ ಒಂದರಲ್ಲಿಯೂ ಇರಲಿಲ್ಲ. ಈ ಲೋಪ ತೀರಿದ ಬಗೆಯನ್ನು ರೇಡಿಯೋವಿನ ಮುಂದೆ ಕುಳಿತವರಿಗೆ ಹೇಳುವುದು ನಮಗೆ ವಿಶೇಷ ಸಂತೋಷ. ಎರಿಕ್ ಟೆಪೆ ಎಂಬ ಅಮೆರಿಕದ ಸಸ್ಯಶಾಸ್ತ್ರಜ್ಞನು, ಬಾರೆಯ ಜೀವನಚರಿತ್ರೆಯನ್ನು ಬರೆದ ಗ್ಲಿನಿಸ್ ರಿಡ್ಲಿ ಎಂಬ ವಿದುಷಿಯ ಸಂಭಾಷಣೆಯನ್ನು ರೇಡಿಯೋದಲ್ಲಿ ಕೇಳಿದನು. ಆಗ ಅವನ ಕೈಯಲ್ಲಿ ಎಕ್ವಡಾರ್ ಮತ್ತು ಪೆರು ದೇಶಗಳ, ಹೆಸರಿಲ್ಲದ ಒಂದು ಸಸ್ಯವಿತ್ತು. ೨೦೧೨ರಲ್ಲಿ ಅದಕ್ಕೆ ಸೊಲೇನಮ್ ಬಾರೆಟಿಯೆ ಎಂದು ನಾಮಕರಣವಾಯಿತು. ಅದು ನಮ್ಮ ಬದನೆ, ಆಲೂಗೆಡ್ಡೆಗಳ ನಂಟು. ಒಂದೇ ಗಿಡದಲ್ಲಿ ಎಲೆಗಳು ಹಲವು ಆಕಾರಗಳನ್ನು ತಾಳುತ್ತವೆಯಂತೆ.

ಇನ್ನು ಗಿಡದ ಪ್ರಯಾಣಕ್ಕೆ ಬರೋಣ. ೧೯ನೆಯ ಶತಮಾನದಲ್ಲಿ ಐರೋಪ್ಯ ಶ್ರೀಮಂತರ ಗಾಜಿನ ಮನೆಗಳನ್ನು ಸೇರಿದ ಕಾಗದದ ಹೂವು, ಆ ಶತಮಾನದ ಉತ್ತರಾರ್ಧದ ಹೊತ್ತಿಗೆ ಭಾರತದ ತೋಟಗಳಲ್ಲಿ ನೆಲೆಯೂರಿತ್ತು. ಅಲ್ಲಿ ಕಲ್ಲಿದ್ದಲು ಉರಿಸಿ ಕಾಪಾಡಬೇಕಾಗಿದ್ದ ಗಿಡಕ್ಕೆ ಇಲ್ಲಿಯ ಬಿಸಿಲು ತವರಿನಂತೆಯೇ ಒಗ್ಗಿತು. ಮೊದಮೊದಲು ಬಂದವು ನೇರಳೆಗೆಂಪಿನವು. ಬೇರೆ ಬಣ್ಣಗಳ ಇತಿಹಾಸದಲ್ಲಿ ಇನ್ನೊಬ್ಬ ಹೆಂಗಸು ಬರುತ್ತಾಳೆ. ೧೯೧೦ರ ಸುಮಾರಿನಲ್ಲಿ ಬಟ್ ಎಂಬ ಇಂಗ್ಲಿಷ್ ಮಹಿಳೆಯೊಬ್ಬಳು ಕೊಲಂಬಿಯ ದೇಶದ ಕಾರ್ಟಜೀನ ಪಟ್ಟಣದ ಒಂದು ತೋಟದಲ್ಲಿ ರಕ್ತಗೆಂಪು ಬಣ್ಣದ ಗಿಡವನ್ನು ಕಂಡು ಅದನ್ನು ಟ್ರಿನಿಡಾಡಿಗೆ ಸಾಗಿಸಿದಳು. ಅದು ಎರಡು ಜಾತಿಗಳು ತಾವಾಗಿಯೇ ಬೆರೆತು ಹುಟ್ಟಿದ ಮಿಶ್ರತಳಿಯೆಂದು ಆಮೇಲೆ ಗೊತ್ತಾಯಿತು. ೧೯೪೪ರಲ್ಲಿ ಸಸ್ಯಶಾಸ್ತ್ರಜ್ಞರು ಅದಕ್ಕೆ ಬಟ್ಟಿಯಾನ ಎಂಬ ಹೆಸರನ್ನೇ ಕೊಟ್ಟರು. ಗಿಡವನ್ನು ತೋಟದಲ್ಲಿ ಕಂಡವಳಿಗೆ ೩೪ ವರ್ಷಗಳಲ್ಲಿ ದೊರೆತ ಮನ್ನಣೆ, ಅರಣ್ಯದಲ್ಲಿ ಹೊತ್ತವಳಿಗೆ ದೊರೆಯಲು ೨೪೫ ವರ್ಷಗಳು ಹಿಡಿದುವು.

ಈ ಗಿಡದ ಸ್ವಭಾವದಲ್ಲಿ ಎರಡು ವಿಶೇಷಗಳಿವೆ. ನಮ್ಮ ತೋಟಗಳ ಬಹುಪಾಲು ತಳಿಗಳು ಬೀಜ ಕಟ್ಟುವುದೇ ಅಪೂರ್ವ. ಹಕ್ಕಿಯಾಗಲಿ ಗಾಳಿಯಾಗಲಿ ಇವನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯಲಿಲ್ಲ. ಕಡ್ಡಿ ಕೊಯ್ದು ಮನುಷ್ಯರೇ ಒಯ್ದರು. ನಿಮ್ಮ ಗೋಡೆಯ ಮೇಲಿನ ಗಿಡ ಮತ್ತೊಬ್ಬರ ಗೋಡೆಯ ಗಿಡದ ತುಂಡು. ಅದು ಅದಕ್ಕೂ ಹಿಂದಿನದರ ತುಂಡು. ಎರಡನೆಯದಾಗಿ, ಬೆಳೆದ ಗಿಡದಲ್ಲಿ ಯಾವುದೋ ಒಂದು ಕೊಂಬೆ ಮಾತ್ರ ಇದ್ದಕ್ಕಿದ್ದಂತೆ ಬೇರೊಂದು ಬಣ್ಣವನ್ನು ತಾಳುವುದುಂಟು. ಕಲ್ಕತ್ತೆಯಲ್ಲಿ ವಿಲಿಯಂ ಕೇರಿಯು ೧೮೨೦ರಲ್ಲಿ ಸ್ಥಾಪಿಸಿದ ಕೃಷಿ ತೋಟಗಾರಿಕೆ ಸಂಘದ ತೋಟದಲ್ಲಿ, ೨೦ನೆಯ ಶತಮಾನದ ನಡುಭಾಗದಲ್ಲಿ, ಬಟ್ ತಳಿಯ ಗಿಡವೊಂದರ ಕೊಂಬೆಯಲ್ಲಿ ಬಿಳಿ ಮತ್ತು ಗುಲಾಬಿ ಎರಡು ಬಣ್ಣಗಳೂ ಒಟ್ಟಿಗೆ ಕಾಣಿಸಿಕೊಂಡುವು. ಅದನ್ನು ಬೇರೆಮಾಡಿ ಬೆಳೆಸಿದುದೇ ಲೋಕಪ್ರಸಿದ್ಧವಾದ ಮೇರಿ ಪಾಮರ್. ಹೀಗೆ ಹುಟ್ಟಿದ ತಳಿಗಳು ಬಹಳ. ಕೊಂಬೆ ಮಾರ್ಪಟ್ಟುದು ಪ್ರಕೃತಿಯ ಕೆಲಸ. ಅದನ್ನು ನೋಡಿ, ಕತ್ತರಿಸಿ ಬಿಸುಡದೆ ಉಳಿಸಿದುದು ಕಣ್ಣುಳ್ಳ ತೋಟಗಾರನ ಕೆಲಸ.

ಗೋಧಿಯ ತಳಿಗಳನ್ನು ಸುಧಾರಿಸಿ ಕೀರ್ತಿ ಪಡೆದ ಬಿ. ಪಿ. ಪಾಲರು ಬಿಡುವಿನ ಹೊತ್ತನ್ನು ಗುಲಾಬಿಗೂ ಕಾಗದದ ಹೂವಿಗೂ ಮೀಸಲಿಟ್ಟವರು. ದೆಹಲಿಯ ಭಾರತೀಯ ಕೃಷಿ ಸಂಶೋಧನ ಸಂಸ್ಥೆಯಿಂದಲೂ, ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯಿಂದಲೂ ಹೊಸ ತಳಿಗಳು ಹೊರಟುವು. ಹೆಸರಘಟ್ಟದ ಚಿತ್ರ ಎಂಬುದು ಅವುಗಳಲ್ಲೊಂದು. ಜಗತ್ತಿನ ಯಾವ ಮೂಲೆಯಲ್ಲಿ ಕಾಗದದ ಹೂವಿನ ಹೊಸ ತಳಿ ಹುಟ್ಟಿದರೂ ಅದರ ಹೆಸರನ್ನು ದಾಖಲೆ ಮಾಡುವ ಅಂತರರಾಷ್ಟ್ರೀಯ ಅಧಿಕಾರ ದೆಹಲಿಯ ಆ ಸಂಸ್ಥೆಗೇ ಸೇರಿದ್ದು. ಅನ್ಯದೇಶದಿಂದ ಬಂದ ಗಿಡದ ಜಾತಕದ ಪುಸ್ತಕ ಈಗ ನಮ್ಮಲ್ಲಿದೆ.

ಚರಿತ್ರೆ ಇಷ್ಟಾಯಿತು. ಸಾಕುವ ವಿಚಾರದಲ್ಲಿ ನಾವು ಕಲಿತುದೆಲ್ಲ ತಪ್ಪು ಮಾಡಿ ಕಲಿತುದು. ಮನೆ ಕಟ್ಟಿಸಿದ ವರ್ಷ ಗೇಟಿನ ಪಕ್ಕದಲ್ಲಿ ಒಂದು ಕಾಗದದ ಹೂವಿನ ಗಿಡವನ್ನು ನೆಟ್ಟೆವು. ದಿನವೂ ಬೆಳಗಾದರೆ ಎರಡು ಬಿಂದಿಗೆ ನೀರು, ತಿಂಗಳಿಗೊಮ್ಮೆ ಗೊಬ್ಬರ. ಗಿಡ ಆಳೆತ್ತರವನ್ನು ಮೀರಿ, ತಾರಸಿಯನ್ನು ಮುಟ್ಟಿ, ಹಸಿರು ಕಾಡಿನಂತೆ ಬೆಳೆಯಿತು. ಮುಳ್ಳಂತೂ ಹೇಳತೀರದು. ಮೂರು ವರ್ಷವಾದರೂ ಹೂವಿನ ಸುಳಿವಿಲ್ಲ. ತಳಿಯೇ ಕೆಟ್ಟದೆಂದು ಕಿತ್ತು ಹಾಕಿಸಲು ಒಬ್ಬ ಮುದುಕ ಮಾಲಿಯನ್ನು ಕರೆಸಿದೆವು. ಅವನು ಗಿಡವನ್ನೊಮ್ಮೆ ನೋಡಿ, ನಮ್ಮನ್ನೊಮ್ಮೆ ನೋಡಿ, “ಉಪಚಾರ ಜಾಸ್ತಿಯಾಯ್ತು ಸ್ವಾಮಿ, ಅದಕ್ಕೇ ಸೊಕ್ಕಿದೆ. ಮಳೆಗಾಲ ಕಳೀಲಿ, ಒಂದು ತಿಂಗಳು ಬಾಯಾರಿಸಿ ನೋಡಿ,” ಎಂದನು. ಕಿತ್ತು ಹಾಕಿದ್ದರೆ ಅವನಿಗೆ ಅರ್ಧ ದಿನದ ಕೂಲಿ ಸಿಕ್ಕುತ್ತಿತ್ತು. ಅದನ್ನು ಬಿಟ್ಟು ಈ ಮಾತು ಹೇಳಿ ಹೊರಟುಹೋದನು. ಕಾರ್ತಿಕ ಕಳೆದ ಮೇಲೆ ನೀರನ್ನು ನಿಲ್ಲಿಸಿದೆವು. ಎಲೆಗಳು ಒಂದಿಷ್ಟು ಉದುರಿದುವು. ಮನೆಯವರು ಗಿಡ ಸತ್ತಿತೆಂದರು. ಸಂಕ್ರಾಂತಿ ಕಳೆದು ಕೆಲವು ದಿನಗಳಿಗೆ ಕೊಂಬೆಯ ತುದಿಗಳಲ್ಲಿ ಬಣ್ಣ ಕಾಣಿಸಿತು. ಶಿವರಾತ್ರಿಯ ಹೊತ್ತಿಗೆ ಗೇಟಿನ ಮೇಲೆ ಕಮಾನು ಕಟ್ಟಿದಂತಿತ್ತು.

ಮುದುಕನ ಮಾತಿಗೆ ಶಾಸ್ತ್ರದ ಬೆಂಬಲವೂ ಇದೆ. ಈ ಗಿಡದ ಎಲೆಯ ಕಂಕುಳಿನಲ್ಲಿ ಹುಟ್ಟುವ ಮೊಳಕೆಯು ಮುಳ್ಳಾಗಲೂ ಬಲ್ಲದು, ಹೂಗೊಂಚಲಾಗಲೂ ಬಲ್ಲದು; ಮೂಲದಲ್ಲಿ ಎರಡೂ ಒಂದೇ. ಹಗಲು ದೀರ್ಘವಾಗಿ, ನೀರುಗೊಬ್ಬರಗಳು ಸಮೃದ್ಧವಾಗಿ, ಗಿಡ ಭರದಿಂದ ಚಾಚುತ್ತಿರುವಾಗ ಅದು ಮುಳ್ಳಿನ ಕಡೆಗೆ ತಿರುಗುತ್ತದೆ. ಹಗಲು ಗಿಡ್ಡವಾಗಿ ಬೆಳವಣಿಗೆ ತಗ್ಗಿದಾಗ ಹೂವಿನ ಕಡೆಗೆ. ನಮ್ಮ ನಾಡಿನಲ್ಲಿ ಮಳೆ ನಿಂತ ಮೇಲೆ ಹಗಲು ಗಿಡ್ಡವಾಗುವುದೂ ನೆಲ ಒಣಗುವುದೂ ಕೂಡಿ ಬರುವುದರಿಂದ, ನಾವು ಸುಮ್ಮನಿದ್ದರೆ ಸಾಕು, ಗಿಡ ತನ್ನ ಕೆಲಸವನ್ನು ತಾನು ಮಾಡಿಕೊಳ್ಳುತ್ತದೆ. ಆದರೆ ಈ ಬಾಯಾರಿಕೆಯ ಉಪಾಯ ಬೇರೂರಿದ ಗಿಡಕ್ಕೆ ಮಾತ್ರ. ಹೊಸದಾಗಿ ನೆಟ್ಟುದಕ್ಕೆ ಮೊದಲ ವರ್ಷ ಕ್ರಮವಾಗಿ ನೀರು ಬೇಕು. ಆಮೇಲೆ ಕೊಡುವಾಗಲೂ ದಿನವೂ ಚಿಮುಕಿಸುವುದಕ್ಕಿಂತ, ಮಣ್ಣು ಒಣಗಿದ ಬಳಿಕ ಒಮ್ಮೆ ಬುಡ ತುಂಬ ಹೊಯ್ಯುವುದು ಮೇಲು. ನೀರು ನಿಲ್ಲುವ ಜಾಗದಲ್ಲಿ ಇದು ಬಾಳುವುದಿಲ್ಲ, ಬೇರು ಕೊಳೆಯುತ್ತದೆ. ನೆರಳಿನಲ್ಲಿ ಬದುಕುತ್ತದೆ, ಹೂ ಬಿಡುವುದಿಲ್ಲ. ದಿನಕ್ಕ ಐದಾರು ಗಂಟೆಯಾದರೂ ನೇರವಾದ ಬಿಸಿಲಿರಬೇಕು.

ಕೆಮ್ಮಣ್ಣಿಗೆ ಮರಳನ್ನೂ ಹಳೆಯ ಕೊಟ್ಟಿಗೆಗೊಬ್ಬರವನ್ನೂ ಬೆರೆಸಿ ಕುಂಡಕ್ಕೆ ತುಂಬಿದರೆ ಸಾಕು. ಕುಂಡ ಗಿಡಕ್ಕೆ ತುಸು ಚಿಕ್ಕದಾಗಿದ್ದರೇ ಒಳ್ಳೆಯದು. ಬೇರುಗಳು ಬಹಳ ನವುರು. ಸ್ಥಳ ಬದಲಾಯಿಸುವಾಗ ಮಣ್ಣನ್ನು ಕೊಡವಬಾರದು. ನರ್ಸರಿಯಿಂದ ತಂದ ಚೀಲವನ್ನು ಸೀಳಿ, ಹೆಂಟೆ ಒಡೆಯದಂತೆ ಇಳಿಸಬೇಕು. ಚೆನ್ನಾಗಿ ಬೆಳೆದ ಗಿಡಗಳು ಎಷ್ಟೋ ಸತ್ತುದು ಈ ಒಂದು ಅವಸರದಿಂದ.

ಹೂವು ಬರುವುದು ಹೊಸ ಚಿಗುರಿನಲ್ಲಿ. ಆದುದರಿಂದ ಬೇಸಗೆಯ ಹೂವಿನ ಭರಾಟೆ ಮುಗಿದು ಮುಂಗಾರು ಹತ್ತಿರವಾದಾಗ ಕೊಂಬೆಗಳನ್ನು ಧೈರ್ಯವಾಗಿ ಸವರಬೇಕು. ಕೈಗೆ ದಪ್ಪನೆಯ ಚೀಲವನ್ನಾದರೂ ಸುತ್ತಿಕೊಂಡು ಸವರಿ. ಮುಳ್ಳಿನ ಗಾಯ ಬೇಗ ಮಾಯುವುದಿಲ್ಲ. ಬುಡದಿಂದ ನೆಟ್ಟಗೆ ಏಳುವ ನೀರ್ಗೊಂಬೆಗಳನ್ನು ಆಗಾಗ ತೆಗೆಯಬೇಕು. ಎಲೆಯಲ್ಲಿ ಬಿಳಿ ಹಳದಿ ಅಂಚುಗಳಿರುವ ತಳಿಗಳನ್ನು ಬೆಳೆಸುವವರು ಇನ್ನೊಂದನ್ನು ಗಮನಿಸಬೇಕು. ಅವುಗಳಲ್ಲಿ ಅಪರೂಪವಾಗಿ ಅಚ್ಚ ಹಸಿರಿನ ಕೊಂಬೆಯೊಂದು ಹೊರಡುತ್ತದೆ. ಅದು ಪೂರ್ವಸ್ವಭಾವಕ್ಕೆ ಹಿಂದಿರುಗಿದ ಕೊಂಬೆ. ಬಿಟ್ಟರೆ ಅದೇ ಬಲಿತು ಉಳಿದವನ್ನು ನುಂಗಿಬಿಡುತ್ತದೆ. ಅದನ್ನು ಬುಡಕ್ಕೆ ಕತ್ತರಿಸಬೇಕು. ಹೊಸ ಬಣ್ಣದ ಕೊಂಬೆ ಹೊರಟರೆ ಮಾತ್ರ ಕತ್ತರಿಯನ್ನು ಕೆಳಗಿಡಿ.

ಸವರಿದ ಕೊಂಬೆಗಳನ್ನು ಬೀದಿಗೆ ಎಸೆಯಬೇಕಾಗಿಲ್ಲ. ಪೆನ್ಸಿಲಿನ ದಪ್ಪಕ್ಕೆ ಬಲಿತ ಕಡ್ಡಿಗಳನ್ನು ಆರಿಸಿ, ಗೇಣುದ್ದ ಕತ್ತರಿಸಿ, ಎಲೆಗಳನ್ನು ತೆಗೆದು, ಎರಡು ಗಿಣ್ಣು ಮಣ್ಣಿನೊಳಗೆ ಹೋಗುವಂತೆ ನೆರಳಿನಲ್ಲಿ ನೆಟ್ಟರೆ ಮಳೆಗಾಲದಲ್ಲಿ ಬೇರು ಬಿಡುತ್ತವೆ. ನೇರಳೆಗೆಂಪಿನ ಹಳೆಯ ತಳಿಗಳು ಸುಲಭ. ಮೇರಿ ಪಾಮರ್, ಬಣ್ಣದೆಲೆಯವು, ಜೋಡಿದಳದವು ಕಡ್ಡಿಯಿಂದ ಹಟ ಮಾಡುತ್ತವೆ. ಅವಕ್ಕೆ ಗೂಟಿ ಕಟ್ಟಬೇಕು, ಇಲ್ಲವೇ ಗಟ್ಟಿ ತಳಿಯ ಬುಡಕ್ಕೆ ಕಣ್ಣು ಕಸಿ ಮಾಡಬೇಕು. ಮರುವರ್ಷ ಅದೇ ಮುದುಕನು ನಮ್ಮಲ್ಲಿಗೆ ಬಂದು ಐದಾರು ಮನೆಗಳ ಕಡ್ಡಿಗಳನ್ನು ಒಂದೇ ಪಾತಿಯಲ್ಲಿ ನೆಟ್ಟನು. ಅವನಿಗೆ ಓದುಬರಹ ಬಾರದು. ಪ್ರತಿ ಕಡ್ಡಿಯ ಕುತ್ತಿಗೆಗೂ ಒಂದೊಂದು ಬಣ್ಣದ ನೂಲನ್ನು ಕಟ್ಟಿದನು. ಕೆಂಪಿಗೆ ಕೆಂಪು ನೂಲು, ಬಿಳಿಗೆ ಬಿಳಿ, ಕಿತ್ತಿಳೆಗೆ ಅರಿಸಿನ ಹಚ್ಚಿದ ನೂಲು. ಹೂ ಬಿಡುವ ತನಕ ಎಲೆ ನೋಡಿ ಬಣ್ಣ ಹೇಳುವುದು ಯಾರಿಗೂ ಆಗದೆಂದು ಅವನ ಅನುಭವ. ಕಡ್ಡಿ ನೆಡುವವರು ಆ ನೂಲನ್ನು ಮರೆಯದೆ ಕಟ್ಟುವುದು ಒಳ್ಳೆಯದು.